ವೂಫರ್‌ನ ಓಮ್, ಆಂಪ್ಲಿಫೈಯರ್‌ನ ತಾಳಿಕೆ

ಎಸ್ಸೆಸ್ಸೆಲ್ಸಿಯಲ್ಲಿ ರೋಧಕಗಳ ಸರಣಿ ಮತ್ತು ಸಮಾಂತರ ಜೋಡಣೆ ಓದಿದ್ದು ನಿಮಗೆಲ್ಲ ನೆನಪಿರಬಹುದು. ಕಾರಿನ ಸಬ್‌ವೂಫರ್ ಜೋಡಿಸುವ ಲೆಕ್ಕವೂ ಅದೇ. ಪರೀಕ್ಷೆಯಲ್ಲಿ ತಪ್ಪಾದರೆ ಎರಡು ಅಂಕ ಹೋಗುತ್ತದೆ. ಗಾಡಿಯಲ್ಲಿ ತಪ್ಪಾದರೆ ಆಂಪ್ಲಿಫೈಯರೇ ಹೋಗುತ್ತದೆ.

ನಮ್ಮ ಮಾಮು ಗುಂಡ್ಲುಪೇಟೆಯಿಂದ ಊಟಿ, ವಯನಾಡ್ ಕಡೆಗೆ ಟೂರಿಸ್ಟ್ ಗಾಡಿ ಓಡಿಸುತ್ತಾರೆ. ಒಂದು ಎರಡು ಚಾನೆಲ್ ಆಂಪ್ಲಿಫೈಯರ್, ಎರಡು ವೂಫರ್ ಹಾಕಿಸಿದ್ದರು. ಹತ್ತು ನಿಮಿಷ ಹಾಡಿದರೆ ಆಂಪ್ಲಿಫೈಯರ್ ಮುಟ್ಟಲಾಗದಷ್ಟು ಬಿಸಿಯಾಗಿ, ಕೆಂಪು ದೀಪ ಹತ್ತಿ, ಸದ್ದು ನಿಂತುಹೋಗುತ್ತಿತ್ತು. ಇನ್ನೂ ದೊಡ್ಡ ಆಂಪ್ಲಿಫೈಯರ್ ಬೇಕು ಎಂದು ಫಿಟ್ಟರ್ ಹೇಳಿದ್ದರಿಂದ ಮಾಮು ಸಾಲ ಮಾಡಲು ಹೊರಟಿದ್ದರು.

"ಮಾಮು, ದುಡ್ಡು ಕೊಡೋಕೆ ಮುಂಚೆ ಒಂದ್ಸಲ ವೈರ್ ನೋಡೋಣ" ಅಂದೆ.

"ನೋಡು ಬೇಟಾ, ಓದೋದು ನೀನು ತಾನೆ" ಅಂದರು.

ಆಂಪ್ಲಿಫೈಯರ್ ಮೇಲೆ ಬರೆದಿತ್ತು: ಪ್ರತಿ ಚಾನೆಲ್‌ಗೆ ಕನಿಷ್ಠ 2 ಓಮ್, ಎರಡು ಚಾನೆಲ್ ಸೇರಿಸಿ ಬ್ರಿಡ್ಜ್ ಮಾಡಿದರೆ ಕನಿಷ್ಠ 4 ಓಮ್. ಪ್ರತಿ ವೂಫರ್‌ನಲ್ಲಿ 4 ಓಮ್‌ನ ಎರಡು ಕಾಯಿಲ್, ಅಂದರೆ ಒಟ್ಟು ನಾಲ್ಕು. ನಾಲ್ಕನ್ನೂ ಸಮಾಂತರವಾಗಿ ಕಟ್ಟಿ ಬ್ರಿಡ್ಜ್‌ಗೆ ಕೊಟ್ಟಿದ್ದರು. 4 ಭಾಗಿಸು 4, ಬರೀ 1 ಓಮ್! ಬ್ರಿಡ್ಜ್‌ನಲ್ಲಿ ಪ್ರತಿ ಚಾನೆಲ್‌ಗೆ ಕಾಣುವುದು ಅದರಲ್ಲೂ ಅರ್ಧ, 0.5 ಓಮ್.

ಇದರಿಂದ ಆಗುವುದೇನು? 20 ವೋಲ್ಟ್ ಕೊಡುವಾಗ 4 ಓಮ್‌ನಲ್ಲಿ 5 ಆಂಪಿಯರ್ ಹರಿದರೆ, 1 ಓಮ್‌ನಲ್ಲಿ 20 ಆಂಪಿಯರ್ ಹರಿಯಬೇಕು. ವಿದ್ಯುತ್ ಪ್ರವಾಹ ನಾಲ್ಕು ಪಟ್ಟಾದರೆ ಅದೇ ತಂತಿ, ಅದೇ ಜಾಯಿಂಟ್‌ನಲ್ಲಿ ಶಾಖ 16 ಪಟ್ಟು. ಪ್ರವಾಹದ ವರ್ಗಕ್ಕೆ ತಕ್ಕಂತೆ ಶಾಖ ಏರುತ್ತದಲ್ಲ. ಆಂಪ್ಲಿಫೈಯರ್ ತಾನಾಗಿ ನಿಂತು ಬದುಕಿಕೊಂಡಿತ್ತು. ಆ ರಕ್ಷಣೆ ಇಲ್ಲದ ಅಗ್ಗದ ಮಾಲಾಗಿದ್ದರೆ ಹೊಗೆಯೇ ಬರುತ್ತಿತ್ತು.

ಸರಿಯಾದ ದಾರಿ ಇದು: ಒಂದೊಂದು ವೂಫರ್‌ನ ಎರಡು ಕಾಯಿಲ್‌ಗಳನ್ನು ಸರಣಿಯಲ್ಲಿ ಕಟ್ಟಿದರೆ 8 ಓಮ್. ಅಂಥ ಎರಡು ವೂಫರ್ ಸಮಾಂತರವಾದರೆ 4 ಓಮ್. ಬ್ರಿಡ್ಜ್‌ಗೆ ಬೇಕಾದದ್ದೂ ಅಷ್ಟೇ. ಬ್ರಿಡ್ಜ್ ಬಿಟ್ಟು ಒಂದು ಚಾನೆಲ್‌ಗೆ ಒಂದು ವೂಫರ್ ಕೊಟ್ಟು, ಅದರ ಕಾಯಿಲ್‌ಗಳನ್ನು ಸಮಾಂತರ ಮಾಡಿದರೂ ಆಗುತ್ತದೆ: ಪ್ರತಿ ಚಾನೆಲ್‌ಗೆ 2 ಓಮ್. ಎರಡರಲ್ಲೂ ಚಾನೆಲ್ ಹೊರುವ ಭಾರ ಒಂದೇ, ಹಾಗಾಗಿ ಸಿಗುವ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ನನಗೆ ಈ ಲೆಕ್ಕದಲ್ಲಿ ಬಹಳ ಹಿಡಿಸಿದ್ದು ಇದೇ. ನಾಲ್ಕನ್ನೂ ಸರಣಿಯಲ್ಲಿ ಕಟ್ಟಿದರೆ 16 ಓಮ್. ಅಪಾಯವಿಲ್ಲ, ಆದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ.

ಮೊದಲ ದಾರಿಯಂತೆ ಕಟ್ಟಿದೆವು. ಈಗ ಆಂಪ್ಲಿಫೈಯರ್ ಬೆಚ್ಚಗಾಗುತ್ತದೆ ಅಷ್ಟೇ. ಸಾಲದ ಮಾತು ನಿಂತಿತು. (ಬಂಡೀಪುರದ ಕಾಡೊಳಗೆ ಮಾತ್ರ ಹಾಡು ಬಂದ್ ಮಾಡಬೇಕೆಂದು ಮಾಮುವಿಗೆ ಷರತ್ತು ಹಾಕಿದ್ದೇನೆ.)

ಮಲ್ಟಿಮೀಟರ್ ಇಟ್ಟು ಅಳೆದರೆ 4 ಓಮ್ ಕಾಯಿಲ್ ಮೂರೂವರೆ ಓಮ್ ಆಸುಪಾಸು ತೋರಿಸಬಹುದು. ಕಾಯಿಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಮೀಟರ್ ಅಳೆಯುವುದು ನೇರ ವಿದ್ಯುತ್ತಿಗೆ ಇರುವ ರೋಧ. ಬರೆದಿರುವುದು ಇಂಪೀಡೆನ್ಸ್, ಅದು ಆವರ್ತನಕ್ಕೆ ತಕ್ಕಂತೆ ಬದಲಾಗುತ್ತದೆ. ದ್ವಿತೀಯ ಪಿಯುಸಿಯ ಪರ್ಯಾಯ ವಿದ್ಯುತ್ ಅಧ್ಯಾಯಕ್ಕೆ ಬಂದಾಗ ಇದು ತಿಳಿಯುತ್ತದೆ. ಒಂದು ಕಾಯಿಲ್ ಸೊನ್ನೆಯನ್ನೋ, ಏನೂ ಇಲ್ಲವೆಂದೋ ತೋರಿಸಿದರೆ ಅದು ಸುಟ್ಟಿರಬಹುದು.

2 ಓಮ್ ವೂಫರ್ ಜೊತೆ 4 ಓಮ್ ವೂಫರನ್ನು ಸಮಾಂತರವಾಗಿ ಸೇರಿಸಬೇಡಿ. 2 ಓಮ್‌ನದು ಎರಡು ಪಟ್ಟು ಶಕ್ತಿ ಎಳೆದುಕೊಂಡು ಮೊದಲು ಸಾಯುತ್ತದೆ. ಬ್ರಿಡ್ಜ್ ಮಾಡಿದಾಗ ವೂಫರ್‌ನ ಮೈನಸ್ ತಂತಿಯನ್ನು ಗಾಡಿಯ ಬಾಡಿಗೆ ಮುಟ್ಟಿಸಬಾರದು. ಬ್ಯಾಟರಿ ಪಕ್ಕದ ಫ್ಯೂಸ್ ಪದೇ ಪದೇ ಹೋದರೆ ದೊಡ್ಡದು ಹಾಕುವ ಮುಂಚೆ ಜೋಡಣೆಯನ್ನು ಬಿಚ್ಚಿ ಓಮ್ ಎಣಿಸಿ.