ನೋವು ಇಳಿದ ದಿನ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕದ ಓಣಿಗಳಿಗೆ ನುಗ್ಗಿತ್ತು. ನೀರು ಇಳಿದು, ಡಿಸೆಂಬರ್ ಬಂದು, ಕೌಜಲಗಿಯ ನಮ್ಮ ಹೊಲಕ್ಕೆ ಕಬ್ಬು ಕಡಿಯುವ ಟೋಳಿ ಬಂದ ಮರುದಿನ ಅಪ್ಪನ ಹೊಟ್ಟೆ ಬಾತಿತು. ಆಗ ಅವನಿಗೆ 68 ವರ್ಷ. ಮಲಬದ್ಧತೆ ಹಳೆಯದು, ಅದನ್ನು ಜಡ್ಡು ಅಂತ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಅವ್ವ ಔಡಲೆಣ್ಣೆ ಕುಡಿಸಿದಳು. ಓಣಿಯ ಹಿರಿಯಳೊಬ್ಬಳು ಬಟ್ಟಿ ಸರದೈತಿ ಎಂದು ಹೊಕ್ಕುಳ ಸುತ್ತ ತಿಕ್ಕಿದಳು. ಸಂಜೆ ಅಪ್ಪ ನನ್ನ ಕೈ ಹಿಡಿದು, "ಸಂಡಾಸ ಅಷ್ಟ ಅಲ್ಲಪಾ, ಗಾಳೀನೂ ಹೋಗವಲ್ದು" ಅಂದ. ಮೂರು ಸಲ ಹೇಳಿದ. ನಾನು ಮುಂಜಾನೆ ನೋಡೋಣ ಅಂದೆ.

ಮುಂಜಾನೆ ಹೊಟ್ಟೆ ನಗಾರಿಯಂತೆ ಬಿಗಿದಿತ್ತು. ಗೋಕಾಕದಲ್ಲಿ ನೋಡಿದವರು ನಿಲ್ಲಿಸಿಕೊಳ್ಳದೆ ಬೆಳಗಾವಿಗೆ ಕಳಿಸಿದರು. ಅಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ತುಂಬಿ ನಡುವೆ ಮಡಚಿದ ಹಾಗೆ ಏನೋ ಹೊಟ್ಟೆಯ ತುಂಬ ಎದ್ದು ನಿಂತಿತ್ತು. ಅದು ಅಪ್ಪನ ದೊಡ್ಡ ಕರುಳು.

ಡಾಕ್ಟರು ನಮ್ಮ ಕಡೆಯವರೇ. ಪಂಚಮಿಯ ಜೋಕಾಲಿ ನೆನಸಿಕೊಳ್ಳಿ ಅಂದರು. ಎರಡು ಹಗ್ಗ ದೂರ ದೂರ ಕಟ್ಟಿದರೆ ಜೋಕಾಲಿ ನೆಟ್ಟಗೆ ಆಡುತ್ತದೆ. ಒತ್ತಿ ಕಟ್ಟಿದರೆ ಗಿರ್ರನೆ ತಿರುಗಿ ಹಗ್ಗಕ್ಕೆ ಹುರಿ ಬೀಳುತ್ತದೆ. ಗುದನಾಳದ ಮೇಲಿರುವ ಸಿಗ್ಮಾಯ್ಡ್ ಎಂಬ ಕರುಳಿನ ಬಾಗು ಕೆಲವರಲ್ಲಿ ಬಹಳ ಉದ್ದ, ಅದರ ಎರಡು ತುದಿಗಳು ಮಾತ್ರ ಒಂದರ ಪಕ್ಕ ಒಂದು. ಮಲವೂ ಗಾಳಿಯೂ ತುಂಬಿ ಭಾರವಾದಾಗ ಅದು ತಿರುಗುತ್ತದೆ. ರಕ್ತನಾಳಗಳು ಆ ಹಗ್ಗದೊಳಗೇ ಇರುವುದರಿಂದ ಹುರಿ ಬಿಗಿದಷ್ಟೂ ಕರುಳಿಗೆ ರಕ್ತ ನಿಲ್ಲುತ್ತದೆ. ಬಹುಕಾಲದ ಮಲಬದ್ಧತೆಯಿರುವ ವಯಸ್ಸಾದ ಗಂಡಸರಲ್ಲಿ ಇದು ಹೆಚ್ಚಂತೆ. ಔಡಲೆಣ್ಣೆಯ ಮಾತು ಬಂದಾಗ ಅವರು ಅವ್ವನನ್ನು ಬೈಯಲಿಲ್ಲ. ದಾರಿ ಮುಚ್ಚಿದಾಗ ಭೇದಿಗೆ ಕೊಟ್ಟರೆ ಒಳಗಿನ ಒತ್ತಡ ಏರುತ್ತದೆ, ಇನ್ನೊಮ್ಮೆ ಯಾರಿಗೂ ಕೊಡಬೇಡಿ ಎಂದಷ್ಟೇ ಹೇಳಿದರು.

ಅವತ್ತು ಹೊಟ್ಟೆ ಕೊಯ್ಯಲಿಲ್ಲ. ಕರುಳು ಇನ್ನೂ ಸತ್ತಿರಲಿಲ್ಲ. ಗುದದಿಂದ ದೂರ್ಬೀನು ಇಳಿಸಿ ಹುರಿ ಬಿಚ್ಚಿದರು, ಕೊಳವೆ ಇಟ್ಟರು. ನಾರ್ವೆಯ ಬ್ರೂಸ್‌ಗಾರ್ಡ್ ಎಂಬ ವೈದ್ಯರು 1947ರಲ್ಲಿ ಪ್ರಕಟಿಸಿದ ಅನುಭವದಿಂದ ಹೆಸರಾದ ದಾರಿ ಇದು. ನಿಮಿಷಗಳಲ್ಲಿ ಹೊಟ್ಟೆ ಇಳಿಯಿತು. ಅಪ್ಪ ಚಹಾ ಕೇಳಿದ.

ನಮ್ಮ ತಪ್ಪು ನಡೆದದ್ದು ಆಮೇಲೆ. "ಅಜ್ಜಾರ, ಇದು ಮತ್ತ ತಿರಗತೈತಿ. ಇಲ್ಲೇ ಇದ್ದು ಆ ಭಾಗ ತಗಿಸಿಕೊಂಡ ಹೋಗ್ರಿ" ಎಂದು ಡಾಕ್ಟರು ಬೆಡ್ಡಿನ ಮೇಲೆ ಕೂತು ಹೇಳಿದರು. ಕೊಳವೆಯಿಂದ ಬಿಡಿಸಿ ಮನೆಗೆ ಹೋದವರಲ್ಲಿ ಸುಮಾರು ಅರ್ಧ ಜನ ಮರಳಿ ಬರುತ್ತಾರೆಂದೂ ತಿಳಿಸಿದರು. ಹೊಲದಲ್ಲಿ ಟೋಳಿ ಕಾದಿತ್ತು. ಅದು ಬೇರೆ ಹೊಲಕ್ಕೆ ಹೋದರೆ ನಮ್ಮ ಸರದಿ ಮತ್ತೆ ಯಾವಾಗಲೋ, ಕಬ್ಬು ನಿಂತಲ್ಲೇ ಒಣಗುತ್ತದೆ. ನೋವಿಲ್ಲದ ಮನುಷ್ಯನ ಹೊಟ್ಟೆ ಯಾಕೆ ಕೊಯ್ಸಬೇಕು ಅಂತ ಬೀಗರೂ ಅಂದರು. ನಮ್ಮ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತೇವೆ ಎಂಬ ಕಾಗದಕ್ಕೆ ಸಹಿ ಮಾಡಿದವನು ನಾನು.

ಜನವರಿ ಕೊನೆಯ ವಾರ ಮತ್ತೆ ತಿರುಗಿತು. ಈ ಸಲ ಒಂದು ಗಳಿಗೆ ಕಾಯಲಿಲ್ಲ, ಆದರೂ ಬೆಳಗಾವಿಯ ದಾರಿಯಲ್ಲಿ ಅಂಕಲಗಿ ದಾಟುವಷ್ಟರಲ್ಲಿ ಅಪ್ಪನಿಗೆ ಮೈತುಂಬ ತಣ್ಣನೆ ಬೆವರು. ಕೊಳವೆಯ ಮಾತೇ ಇರಲಿಲ್ಲ. ನಡುರಾತ್ರಿ ಆಪರೇಷನ್. ಕಪ್ಪಾಗಿದ್ದ ಕರುಳನ್ನು ಕತ್ತರಿಸಿ, ಕೆಳಗಿನ ತುದಿ ಮುಚ್ಚಿ, ಮೇಲಿನ ತುದಿಯನ್ನು ಹೊಟ್ಟೆಯ ಎಡಕ್ಕೆ ಹೊರಗೆ ತಂದು ಬಾಯಿ ಮಾಡಿ, ಮಲ ಬೀಳಲು ಅದಕ್ಕೊಂದು ಚೀಲ ಅಂಟಿಸಿದ್ದರು. ಅಂಥ ಹೊಟ್ಟೆಯಲ್ಲಿ ತಕ್ಷಣ ಜೋಡಿಸಿದರೆ ಹೊಲಿಗೆ ಬಿಡುವ ಅಪಾಯ. ತಿಂಗಳ ಹಿಂದೆ ಮಾಡಿಸಿದ್ದರೆ ಬಹುಶಃ ಒಂದೇ ಸಲಕ್ಕೆ ಜೋಡಿಸಬಹುದಿತ್ತು, ಚೀಲ ಬೇಕಾಗುತ್ತಿರಲಿಲ್ಲ.

ಆ ಚೀಲವನ್ನು ಅಪ್ಪ ಎರಡು ವಾರ ನೋಡಲೇ ಇಲ್ಲ. ಅವ್ವ ಕಲಿತಳು. ಕೆಂಪಗೆ, ತುಟಿಯ ಒಳಭಾಗದಂತೆ ಒದ್ದೆಯಾಗಿದ್ದರೆ ಆ ಬಾಯಿ ಚೆನ್ನಾಗಿದೆ, ಕಪ್ಪಾದರೆ ಓಡಬೇಕು. ಚೀಲದ ತೂತನ್ನು ಅಳತೆಗಿಂತ ಒಂದೆರಡು ಮಿಲಿಮೀಟರ್ ಮಾತ್ರ ದೊಡ್ಡದು ಕತ್ತರಿಸಬೇಕು, ಇಲ್ಲದಿದ್ದರೆ ಮಲ ತಾಗಿ ಚರ್ಮ ಸುಲಿಯುತ್ತದೆ. ಸಿಸ್ಟರ್ ಒಮ್ಮೆ ತೋರಿಸಿದ್ದನ್ನು ಅವ್ವ ಎಂದೂ ತಪ್ಪಲಿಲ್ಲ. ಮಾರ್ಚ್ 25ಕ್ಕೆ ಲಾಕ್‌ಡೌನ್ ಬಿತ್ತು. ಚೀಲ ತರಲು ನಾನು ಪಾಸ್ ಹಿಡಿದು ಬೆಳಗಾವಿಗೆ ಬೈಕಿನಲ್ಲಿ ಹೋಗಿಬರುತ್ತಿದ್ದೆ. ಬೇಸಿಗೆಗೆ ಆಗಬೇಕಿದ್ದ ಜೋಡಣೆ ಮುಂದಕ್ಕೆ ಹೋಯಿತು. ಅಪ್ಪ ಆ ವರ್ಷ ಯಾರ ಮನೆಗೂ ಊಟಕ್ಕೆ ಹೋಗಲಿಲ್ಲ. ರೋಗ ಬಂತೆಂದು ಊರೆಲ್ಲ ಮನೆಯಲ್ಲೇ ಇತ್ತು. ಅದೊಂದು ಅವನಿಗೆ ಸಮಾಧಾನ.

ದೀಪಾವಳಿ ಮುಗಿದ ಮೇಲೆ ಕರುಳು ಜೋಡಿಸಿದರು. ಆಪರೇಷನ್ ಆದ ನಾಲ್ಕನೆಯ ದಿನ, ಬೆಳಗಿನ ಐದಕ್ಕೆ, ಅಪ್ಪ ನನ್ನನ್ನು ತಟ್ಟಿ ಎಬ್ಬಿಸಿದ.

"ಗಾಳಿ ಹೋತಪಾ" ಅಂದ.

ಅವ್ವ ಎದ್ದು ಕೂತು ಕೈ ಮುಗಿದಳು.