ಪಿಂಜಾರರ ಬಿಲ್ಲು ಮತ್ತು ಅದರ ಹೆದೆ

ಬಿಲ್ಲೆಂದೊಡನೆ ನಮ್ಮ ಮನಸ್ಸು ಕುರುಕ್ಷೇತ್ರಕ್ಕೆ ಓಡುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಎರೆನೆಲದ ಊರುಗಳಲ್ಲಿ ಮನೆಮನೆಗೆ ಬರುತ್ತಿದ್ದ ಬಿಲ್ಲು ಬೇರೆಯದು. ಅದು ಅರಳೆ ಹಿಂಜುವ ಬಿಲ್ಲು. ಅದನ್ನು ಹೆಗಲಿಗೇರಿಸಿ ಬಂದವರೇ ಪಿಂಜಾರರು. ನದಾಫ ಎಂಬ ಅರಬ್ಬಿ ಮೂಲದ ಹೆಸರಿಗೂ ಅದೇ ಅರ್ಥ. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಅಲ್-ಹಲ್ಲಾಜನ ಹೆಸರು ಸಹ ಈ ಕಸುಬಿನದೇ.

ಉದ್ದನೆಯ ಮರದ ದಂಡ, ಅದರ ಒಂದು ತುದಿಗೆ ಅಗಲವಾದ ಹಲಗೆ, ತುದಿಯಿಂದ ತುದಿಗೆ ಬಿಗಿದ ಕರುಳಿನ ಹುರಿ: ಬಿಲ್ಲೆಂದರೆ ಇಷ್ಟೇ. ಮರದ ಕೊಡತಿಯಿಂದ ಹೆದೆಯನ್ನು ಮೀಟಿದರೆ ಅದು ನಡುಗುತ್ತದೆ. ಆ ನಡುಕಕ್ಕೆ ಸಿಕ್ಕಿದ ಅರಳೆಯ ಗಂಟು ಬಿಡಿಸಿಕೊಂಡು, ಕಸ ಉದುರಿ, ಎಳೆ ಎಳೆಯಾಗಿ ಹಾರುತ್ತದೆ.

ಇಂಥ ಹೆದೆಗೆ ಎಣ್ಣೆ ಹಚ್ಚಬೇಕೆ? ಹೊರದೇಶಗಳಲ್ಲಿ ಬೇಟೆಗೂ ಕ್ರೀಡೆಗೂ ಬಳಸುವ ಅಡ್ಡಬಿಲ್ಲಿಗೆ ಹಚ್ಚುತ್ತಾರೆ. ಬಂದೂಕಿನಂತೆ ಹಿಡಿಯುವ ಆ ಬಿಲ್ಲಿನಲ್ಲಿ ಹೆದೆಯು ಒಂದು ಹಳಿಯ ಮೇಲೆ ಉಜ್ಜುತ್ತ ಓಡುವುದರಿಂದ ಹಳಿಗೆ ತುಸು ಎಣ್ಣೆ, ಹೆದೆಯ ಎಳೆಗಳಿಗೆ ಮೇಣ ಬೇಕು. ನಮ್ಮ ಬಿಲ್ಲಿನ ಹೆದೆ ಹಳಿಯ ಮೇಲೆ ಓಡುವುದಿಲ್ಲ, ಗಾಳಿಯಲ್ಲಿ ನಡುಗುತ್ತದೆ. ಅದಕ್ಕೆ ಎಣ್ಣೆ ಸೋಕಿದರೆ ಅರಳೆ ಅಂಟಿಕೊಂಡು ಹೆದೆ ಭಾರವಾಗುತ್ತದೆ, ನಾದ ಮಂಕಾಗುತ್ತದೆ. ಮದುವೆಯ ಗಾದಿಗೆಂದು ತೂಗಿ ಕೊಟ್ಟ ಬಿಳಿ ಅರಳೆಗೆ ಕಲೆಯೂ ಬೀಳುತ್ತದೆ. ಆ ಕಲೆಗೆ ಮನೆಯವರು ಸುಮ್ಮನಿರುವರೆ?

ಈ ಹೆದೆಯ ನಿಜವಾದ ಶತ್ರು ತೇವ. ಹೊಸೆದ ಕರುಳು ತೇವ ಹೀರಿದರೆ ಅದರ ಹೊಸೆತ ಸಡಿಲುತ್ತದೆ. ಗಾಳಿಯ ತೇವವನ್ನು ತೋರಿಸುವ ಹಳೆಯ ಸಾಧನಗಳಲ್ಲಿ ಕರುಳಿನ ಹುರಿಯನ್ನು ಬಳಸಿದ್ದು ಈ ಗುಣಕ್ಕಾಗಿಯೇ. ತೇವದ ಅರಳೆಯೂ ಬಿಡಿಸಿಕೊಳ್ಳದು. ಮಳೆ ಕಡಿಮೆಯಾದ ನಮ್ಮ ಸೀಮೆ ಈ ಒಂದು ಕಸುಬಿನ ಮಟ್ಟಿಗಾದರೂ ಭಾಗ್ಯವಂತ! ಎರಡನೆಯ ಶತ್ರು ಇಲಿ. ಇನ್ನು ಕೊಡತಿಯ ಪೆಟ್ಟು ಬೀಳುವ ಜಾಗ ಎಲ್ಲಕ್ಕಿಂತ ಮೊದಲು ಸವೆಯುವುದರಿಂದ ಅಲ್ಲಿ ಎಳೆ ಎದ್ದಿದೆಯೋ ಎಂದು ಬೆರಳಾಡಿಸಿ ನೋಡಬೇಕು. ಹೆದೆ ಹರಿದರೆ ಆ ದಿನದ ಕೂಲಿಯೂ ಹರಿದಂತೆ.

ಕೈಗೆ ಬಂದ ವಿದ್ಯೆಗೆ ಬೆಲೆಯಿತ್ತು. ಗಾಂಧೀಜಿಯವರ ಆಶ್ರಮಕ್ಕಾಗಿ ಗಂಗಾಬೆನ್ ಅವರು ಗೊತ್ತುಮಾಡಿದ ಪಿಂಜಾರನಿಗೆ ತಿಂಗಳಿಗೆ 35 ರೂಪಾಯಿ ಸಂಬಳವೆಂದು ಗಾಂಧೀಜಿಯವರ ಆತ್ಮಕಥೆಯಲ್ಲಿದೆ. ಇಂದು ಅರಳೆಯನ್ನು ವಿದ್ಯುತ್ ಯಂತ್ರ ಹಿಂಜುತ್ತದೆ; ಅರಳೆಯ ಗಾದಿಯ ಜಾಗಕ್ಕೆ ಫೋಮಿನ ಹಾಸಿಗೆ ಬಂದಿದೆ. ನದಾಫ ಎಂಬ ಅಡ್ಡಹೆಸರು ನಮ್ಮ ತರಗತಿಯ ಹಾಜರಿಯಲ್ಲಿ ದಿನವೂ ಕೇಳಿಬರುತ್ತದೆ, ಬಿಲ್ಲಿನ ನಾದ ಕೇಳಿದವರು ಆ ತರಗತಿಯಲ್ಲಿ ಎಷ್ಟು ಜನ?

ನಮ್ಮ ಇತಿಹಾಸ ವಿಭಾಗವು ಅಟ್ಟದ ಮೇಲಿರುವ ಇಂಥ ಒಂದು ಬಿಲ್ಲನ್ನಾದರೂ ಬೇಡಿ ತರಿಸಬೇಕು. ತಂದ ಮೇಲೆ ಹೆದೆಯನ್ನು ಸಡಿಲಿಸಿ, ಸೋರದ ಗೋಡೆಗೆ ಎತ್ತರದಲ್ಲಿ ತೂಗುಹಾಕಲಿ. ದಂಡಕ್ಕೆ ಬೇಕಾದರೆ ವಾರ್ನಿಶ್ ಬಳಿಯಲಿ, ಹೆದೆಗೆ ಮಾತ್ರ ಒಂದು ಹನಿಯೂ ತಾಗದಿರಲಿ.