ವಾಕ್ ಚಿಕಿತ್ಸೆಯ ಕೊಠಡಿಯಲ್ಲಿ ನಡೆಯುವುದೇನು? ಸದಸ್ಯರ ಅಧ್ಯಯನಕ್ಕಾಗಿ



ಮಾತು ತಡವಾದ ಮಗುವನ್ನು ವಾಕ್ ಚಿಕಿತ್ಸೆಗೆ ಕರೆದೊಯ್ದ ಪೋಷಕರು ನಾಲ್ಕಾರು ಭೇಟಿಗಳ ನಂತರ ಬಿಟ್ಟುಬಿಡುವುದುಂಟು. "ಔಷಧಿಯಿಲ್ಲ, ಇಂಜೆಕ್ಷನ್ ಇಲ್ಲ, ಆಟ ಆಡಿಸಿ ಕಳುಹಿಸುತ್ತಾರೆ" ಎಂಬುದು ಅವರ ದೂರು. ಆ ಆಟವೇ ಚಿಕಿತ್ಸೆ ಎಂದು ಮನೆಮನೆಗೆ ತಿಳಿಹೇಳಬಲ್ಲವರು ತಾವು.

ಚಿಕಿತ್ಸಕರು ಚಿತ್ರ ತೋರಿಸಿ "ಇದೇನು?" ಎನ್ನುತ್ತಾರೆ, ಮಗು ಉತ್ತರಿಸುತ್ತದೆ, "ಸರಿ" ಎನ್ನುತ್ತಾರೆ. ಶಾಲೆಯ ತರಗತಿಯಲ್ಲಿ ನಡೆಯುವುದೂ ಇದೇ. ಉತ್ತರ ತಿಳಿದಿದ್ದೇ ಕೇಳುವ ಇಂತಹ ಪ್ರಶ್ನೆಗಳು ಅಭ್ಯಾಸಕ್ಕೆ ಬೇಕು. ಆದರೆ ವಿಷಯ ಆರಿಸುವವರೂ ಸರಿತಪ್ಪು ನಿರ್ಣಯಿಸುವವರೂ ಸದಾ ಚಿಕಿತ್ಸಕರೇ ಆದಲ್ಲಿ, ಮಗು ಉತ್ತರಿಸುವುದನ್ನಷ್ಟೇ ಕಲಿಯುತ್ತದೆ. ತನಗೆ ಬೇಕಾದುದನ್ನು ಕೇಳಲು ಕಲಿಯುವುದಿಲ್ಲ. ಆದುದರಿಂದ ನುರಿತ ಚಿಕಿತ್ಸಕರು ಮಗುವಿಗೆ ಇಷ್ಟವಾದ ಚೆಂಡನ್ನು ಎಟುಕದ ಎತ್ತರದಲ್ಲಿಟ್ಟು ಸುಮ್ಮನೆ ಕಾಯುತ್ತಾರೆ. ನೋಡುವವರಿಗೆ ಇದು ಕಾಲಹರಣವೆನಿಸಬಹುದು. ಕಾಂಕ್ರೀಟಿಗೆ ನೀರುಣಿಸಿ ಕಾಯುವ ದಿನಗಳೂ ಕಾಮಗಾರಿಯ ಭಾಗವೆಂದು ತಾವು ಬಲ್ಲಿರಿ, ಇದೂ ಹಾಗೆಯೇ. ಮಗು "ಚೆಂಡು" ಎಂದೊಡನೆ "ಪೂರ್ತಿ ಹೇಳು" ಎಂದು ಗದರದೆ, "ಚೆಂಡು ಬೇಕಾ? ತಗೋ, ಕೆಂಪು ಚೆಂಡು" ಎಂದು ಮಗುವಿನ ಮಾತನ್ನೇ ಬೆಳೆಸಿ ಹಿಂದಿರುಗಿಸುತ್ತಾರೆ. ತಾಯಂದಿರು ಇದನ್ನು ಅಡುಗೆಮನೆಯಲ್ಲಿಯೂ ಮಾಡಬಹುದು, ಮಾಡಲೇಬೇಕು. ಚಿಕಿತ್ಸೆ ವಾರದಲ್ಲಿ ಕೆಲವೇ ಗಂಟೆ, ಉಳಿದ ಕಾಲವೆಲ್ಲ ಮನೆಯದು. ಮನೆಮಾತು ತುಳು, ಉರ್ದು ಅಥವಾ ಲಂಬಾಣಿಯಾಗಿದ್ದರೆ ಅದನ್ನು ಬಿಡಿಸುವ ಅಗತ್ಯವಿಲ್ಲ; ಚಿಕಿತ್ಸಕರಿಗೆ ಮೊದಲೇ ತಿಳಿಸಿದರೆ ಸಾಕು.

ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಹಿರಿಯರ ಸ್ಥಿತಿ ಬೇರೆ. ಅನೇಕರಲ್ಲಿ ತಿಳಿವಳಿಕೆ ಉಳಿದಿರುತ್ತದೆ, ಪದ ಸಿಗುವುದಿಲ್ಲ. ಚಿಕಿತ್ಸಕರು "ನೀ..." ಎಂದು ಮೊದಲ ಅಕ್ಷರವನ್ನಷ್ಟೇ ನೀಡಿ "ನೀರು" ಎಂಬುದನ್ನು ಅವರ ಬಾಯಿಂದಲೇ ಹೊರಡಿಸಲು ಯತ್ನಿಸುತ್ತಾರೆ. ಪಕ್ಕದಲ್ಲಿ ಕುಳಿತ ಮಗನೋ ಸೊಸೆಯೋ ಅವಸರದಿಂದ ಉತ್ತರಿಸಿದರೆ ಆ ಯತ್ನ ಅಲ್ಲಿಗೇ ನಿಲ್ಲುತ್ತದೆ. ಊರಿಗೆ ನ್ಯಾಯ ಹೇಳಿದ ಹಿರಿಯರನ್ನು ಮಗುವಿನಂತೆ "ಜಾಣ" ಎಂದು ಹೊಗಳುವುದೂ ಅವಮಾನವೇ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಚಿಕಿತ್ಸೆ ಲಭ್ಯವಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ವಾಕ್ ಮತ್ತು ಭಾಷಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿದೆ. ತಮ್ಮ ವಾರ್ಡಿನಲ್ಲಿ ಚಿಕಿತ್ಸೆ ಅರ್ಧಕ್ಕೆ ನಿಲ್ಲಿಸಿದವರ ವಿವರವನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ನೀಡುವುದು. ಬಸ್ ಖರ್ಚೇ ಅಡ್ಡಿಯಾಗಿದ್ದಲ್ಲಿ, ವಿಕಲಚೇತನರಿಗೆ ಮೀಸಲಾದ ಶೇ. 5ರ ನಿಧಿಯ ಕ್ರಿಯಾಯೋಜನೆ ಚರ್ಚೆಗೆ ಬಂದಾಗ, ನಿಯಮಗಳಿಗೊಳಪಟ್ಟು ಅದನ್ನೂ ಸಭೆಯ ಮುಂದಿಡಬಹುದು.